ಮನೆಯ ಮುಂದಣ ಮರದ ಅಟ್ಟಣೆ: ಕಟ್ಟುವ ಕ್ರಮವೂ ಕಾಪಾಡುವ ಬಗೆಯೂ

ಒಕ್ಕಲು ಮನೆಯ ಅಂಗಳದಲ್ಲಿ ಹಲಗೆ ಹಾಸಿದ ಅಟ್ಟಣೆಯೊಂದಿದ್ದರೆ ಅದರಿಂದಾಗುವ ಅನುಕೂಲಗಳು ಹಲವು. ಸುಗ್ಗಿಯಲ್ಲಿ ಮೂಟೆಗಳನ್ನು ನೆಲದ ತೇವ ತಗಲದಂತೆ ಇಳಿಸಿಡಬಹುದು. ಮೆಣಸು, ಅಡಿಕೆ, ಕೊಬ್ಬರಿ ಮೊದಲಾದ ಪದಾರ್ಥಗಳನ್ನು ಕೋಳಿ ಕುರಿಗಳ ಬಾಯಿಗೆ ಸಿಕ್ಕದಂತೆ ಚಾಪೆಯ ಮೇಲೆ ಹರವಬಹುದು. ಸಂಜೆಯ ಹೊತ್ತು ನಾಲ್ಕು ಮಂದಿ ಕುಳಿತು ಊರಿನ ವಿಚಾರವನ್ನು ಮಾತನಾಡಬಹುದು. ಹೀಗಿದ್ದರೂ, ಕಟ್ಟಿದ ಅಟ್ಟಣೆಗಳಲ್ಲಿ ಅನೇಕವು ಐದಾರು ಮಳೆಗಾಲಗಳನ್ನು ಕಾಣುವುದರೊಳಗಾಗಿ ಕುಸಿದುಬೀಳುತ್ತವೆ. ಬೆಲೆಬಾಳುವ ಮರವೂ ಕೂಲಿಯೂ ವ್ಯರ್ಥವಾಗುತ್ತವೆ. ಇದಕ್ಕೆ ಕಾರಣವೇನು, ಇದನ್ನು ತಪ್ಪಿಸುವ ಉಪಾಯವೇನು ಎಂಬುದನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

ಒಂದು ನಿದರ್ಶನ

ಮಲೆನಾಡಿನ ಒಂದು ಗ್ರಾಮಕ್ಕೆ ಬೆಳೆಯ ತನಿಖೆಗಾಗಿ ಹೋಗಿದ್ದಾಗ, ಹಿಂದಿನ ರಾತ್ರಿಯಷ್ಟೇ ಕುಸಿದಿದ್ದ ಅಟ್ಟಣೆಯೊಂದನ್ನು ನೋಡಿದೆನು. ಯಜಮಾನರು ಖರ್ಚಿನಲ್ಲಿ ಹಿಂಜರಿದವರಲ್ಲ. ಕಂಬಗಳೆಲ್ಲವೂ ಮತ್ತಿಯ ಮರದವು. ಹಲಗೆಗಳು ಒಂದೂವರೆ ಅಂಗುಲ ದಪ್ಪದವು. ಆದರೆ ಕಂಬಗಳನ್ನು ಎರಡಡಿ ಗುಂಡಿ ತೋಡಿ ಮಣ್ಣಿನಲ್ಲಿಯೇ ಹೂಳಿದ್ದರು. ನೆಲದ ಮೇಲೆ ಕಾಣುವ ಭಾಗವು ಹೊಸದರಂತೆಯೇ ಗಟ್ಟಿಯಾಗಿದ್ದಿತು; ನೆಲಮಟ್ಟದಲ್ಲಿ ಮಾತ್ರ ಕಂಬವು ಒಳಗೆ ಪೊಳ್ಳಾಗಿ, ಹೊರಗಿನ ಸಿಪ್ಪೆಯಷ್ಟೇ ಉಳಿದಿದ್ದಿತು. ಬತ್ತದ ಮೂಟೆಗಳ ಭಾರಕ್ಕೆ ಎರಡು ಕಂಬಗಳು ಒಮ್ಮೆಗೇ ಮುರಿದುವು. ಮೂಟೆಗಳು ಕೆಸರಿನ ಪಾಲಾದುವು. ಅವನ್ನು ಎತ್ತಿಡುತ್ತಿದ್ದ ಆಳಿನ ಕಾಲುಮೂಳೆ ಮುರಿದು, ಆತನು ಆ ಸುಗ್ಗಿಯಲ್ಲಿ ಪುನಃ ಕೆಲಸಕ್ಕೆ ಬರಲಾಗಲಿಲ್ಲ. ಯಜಮಾನರು ಬಡಗಿಯನ್ನು ದೂರಿದರು. ಬಡಗಿಯು ಮರವನ್ನು ದೂರಿದನು. ವಾಸ್ತವದಲ್ಲಿ ತಪ್ಪು ಮರದ್ದಲ್ಲ. ಮರವನ್ನು ಮಣ್ಣಿನಲ್ಲಿ ನಿಲ್ಲಿಸಿದ್ದೇ ತಪ್ಪು.

ಮರವು ಕೆಡುವುದೇಕೆ?

ಮರಕ್ಕೆ ಶತ್ರುಗಳು ಮುಖ್ಯವಾಗಿ ಎರಡು: ಕುಂಬು ಮತ್ತು ಗೆದ್ದಲು. ಕುಂಬು ಎಂಬುದು ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರಗಳ ಕೆಲಸ. ಈ ಶಿಲೀಂಧ್ರಗಳಿಗೆ ತೇವವೂ ಗಾಳಿಯೂ ಎರಡೂ ಬೇಕು. ಒಣಗಿದ ಮರದ ತೂಕವನ್ನು ೧೦೦ ಎಂದಿಟ್ಟುಕೊಂಡರೆ, ಅದರಲ್ಲಿರುವ ನೀರು ೨೦ ಭಾಗಕ್ಕಿಂತ ಕಡಮೆಯಾಗಿರುವವರೆಗೆ ಕುಂಬು ತಲೆಯೆತ್ತಲಾರದು. ನೀರಿನಲ್ಲಿ ಪೂರ್ತಿಯಾಗಿ ಮುಳುಗಿದ ಮರವೂ ಗಾಳಿಯಿಲ್ಲದ ಕಾರಣ ಬೇಗನೆ ಕುಂಬಾಗುವುದಿಲ್ಲ. ನೆಲಮಟ್ಟದಲ್ಲಾದರೋ ಮಣ್ಣಿನ ತೇವವೂ ಹೊರಗಿನ ಗಾಳಿಯೂ ಒಂದೇ ಕಡೆ ಸೇರುತ್ತವೆ. ಆದ್ದರಿಂದಲೇ ಬೇಲಿಯ ಗೂಟವಾಗಲಿ ಅಟ್ಟಣೆಯ ಕಂಬವಾಗಲಿ ಮೊದಲು ಮುರಿಯುವುದು ನೆಲಮಟ್ಟದಲ್ಲಿಯೇ.

ಗೆದ್ದಲು ನೆಲದೊಳಗಿನಿಂದ ಬರುವ ಹುಳು. ಇದು ಬೆಳಕನ್ನು ಸಹಿಸದು. ಮೈ ಒಣಗದಂತೆ ಮಣ್ಣಿನ ಸುರಂಗವನ್ನು ಕಟ್ಟಿಕೊಂಡೇ ಮೇಲಕ್ಕೆ ಏರುತ್ತದೆ. ಮರವು ಮಣ್ಣಿಗೆ ತಾಗಿದ್ದರೆ ಗೆದ್ದಲು ಕಣ್ಣಿಗೆ ಬೀಳದೆಯೇ ಒಳಹೊಕ್ಕು ತಿರುಳನ್ನು ತಿನ್ನುತ್ತದೆ. ಮರಕ್ಕೂ ಮಣ್ಣಿಗೂ ನಡುವೆ ಒಂದೂವರೆ ಅಡಿ ಬರಿಯ ಕಲ್ಲಿದ್ದರೆ, ಅದು ಕಲ್ಲಿನ ಹೊರಮೈಯಲ್ಲಿ ಸುರಂಗವನ್ನು ಕಟ್ಟಿಯೇ ಬರಬೇಕಾಗುವುದರಿಂದ ನಮ್ಮ ಕಣ್ಣಿಗೆ ಸಿಕ್ಕಿಬೀಳುತ್ತದೆ. ನಮ್ಮ ಹಿರಿಯರು ತೊಟ್ಟಿಯ ಮನೆಗಳಲ್ಲಿ ಮರದ ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದುದು ಕೇವಲ ಅಂದಕ್ಕಾಗಿ ಅಲ್ಲ.

ಆದಕಾರಣ ಈ ಕೆಲಸದಲ್ಲಿ ನೆನಪಿಡಬೇಕಾದ ಸೂತ್ರವು ಒಂದೇ: ಮರವು ಮಣ್ಣನ್ನು ಮುಟ್ಟಕೂಡದು, ನೀರು ಮರದ ಮೇಲೆ ನಿಲ್ಲಕೂಡದು. ಮುಂದೆ ಹೇಳುವುದೆಲ್ಲವೂ ಈ ಸೂತ್ರದ ವಿವರಣೆಯೇ ಆಗಿದೆ.

ಮರದ ಆಯ್ಕೆ

ಯಾವ ಮರವಾದರೂ ಅದರ ಕೆಚ್ಚು ಮಾತ್ರವೇ ಬಾಳುವುದು; ಕೆಚ್ಚಿನ ಹೊರಗಿರುವ ಬಿಳಿಯ ಭಾಗವು ಸಾಗುವಾನಿಯದೇ ಆಗಿದ್ದರೂ ಬೇಗನೆ ಕುಂಬಿಗೂ ಕುಟ್ಟೆಹುಳುವಿಗೂ ತುತ್ತಾಗುವುದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಎರಡಡಿ ಉದ್ದ, ಎರಡಂಗುಲ ಚೌಕದ ಮರದ ತುಂಡುಗಳನ್ನು ಅರ್ಧದವರೆಗೆ ನೆಲದಲ್ಲಿ ಹೂತು, ಅವು ಎಷ್ಟು ವರ್ಷ ಬಾಳುತ್ತವೆಂದು ನೋಡುವ ಪದ್ಧತಿಯುಂಟು. ಹತ್ತು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಬಾಳಿದವು ಮೊದಲನೆಯ ತರಗತಿ. ಐದರಿಂದ ಹತ್ತು ವರ್ಷ ಬಾಳಿದವು ಎರಡನೆಯ ತರಗತಿ. ಐದು ವರ್ಷಕ್ಕೂ ಕಡಮೆ ಬಾಳಿದವು ಮೂರನೆಯ ತರಗತಿ. ಸಾಗುವಾನಿಯ ಕೆಚ್ಚು ಮೊದಲನೆಯ ತರಗತಿಗೆ ಸೇರಿದ್ದು. ಮಾವು ಮತ್ತು ಬೂರುಗಗಳು ಮೂರನೆಯ ತರಗತಿಗೆ ಸೇರಿದವು.

ನಮ್ಮ ಸೀಮೆಯಲ್ಲಿ ದೊರೆಯುವ ಮರಗಳ ಪೈಕಿ ಸಾಗುವಾನಿ, ಹೊನ್ನೆ, ಜಂಬೆ, ಮತ್ತಿ, ಹಲಸುಗಳ ಕೆಚ್ಚು ಅಟ್ಟಣೆಗೆ ಯೋಗ್ಯವಾದುದು. ಬಯಲುಸೀಮೆಯವರು ಬಲಿತ ಕರಿಜಾಲಿಯ ಮತ್ತು ಬೇವಿನ ಕೆಚ್ಚನ್ನು ತೊಲೆ ಜಂತೆಗಳಿಗೆ ಉಪಯೋಗಿಸಬಹುದು. ಮಾವು, ಬೂರುಗ, ಸಿಲ್ವರ್ ಓಕ್, ರಬ್ಬರ್ ಮರಗಳು ಅಗ್ಗವಾಗಿ ಸಿಕ್ಕುವುವೆಂದು ಮಳೆಗೆ ತೆರೆದ ಜಾಗದಲ್ಲಿ ಹಾಕಿದರೆ ಕೂಲಿಯೂ ದಂಡವಾಗುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರವು ಸ್ವಂತ ಜಮೀನಿನಲ್ಲಿಯೇ ಇದ್ದರೂ ಅದನ್ನು ಕಡಿಯುವುದಕ್ಕೆ ಮೊದಲು ೧೯೭೬ನೆಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು, ಉಳಿದವಕ್ಕೆ ಇಲ್ಲ. ಹಳೆಯ ಮನೆಯನ್ನು ಕೆಡವಿದಾಗ ದೊರೆಯುವ ತೊಲೆಗಳು ಚೆನ್ನಾಗಿ ಒಣಗಿ ಪಳಗಿದವಾದ್ದರಿಂದ, ಕುಟ್ಟೆ ಹಿಡಿಯದ ಅಂಥ ಮರ ಸಿಕ್ಕಿದರೆ ಬಿಡಬಾರದು.

ಮರವನ್ನು ಒಣಗಿಸುವುದು

ಹಸಿಯ ಮರವು ಒಣಗುವಾಗ ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ, ಅಗಲದಲ್ಲಿ ಕುಗ್ಗುತ್ತದೆ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆಯು, ನಡುವಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಆಗುವುದರ ಸುಮಾರು ಎರಡರಷ್ಟು. ಹಸಿಯ ಹಲಗೆಯನ್ನು ಹೊಡೆದರೆ ಅದು ದೊಪ್ಪೆಯಂತೆ ಬಾಗಿ ನೀರನ್ನು ಹಿಡಿದುಕೊಳ್ಳುವುದಕ್ಕೆ ಇದೇ ಕಾರಣ.

ಕೊಯ್ದ ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ಪೇರಿಸಬೇಕು. ಸಾಲಿಗೂ ಸಾಲಿಗೂ ನಡುವೆ ಒಂದಂಗುಲ ದಪ್ಪದ ರಿಪೀಸುಗಳನ್ನು ಎರಡೆರಡು ಅಡಿಗೆ ಒಂದರಂತೆ, ಮೇಲಿನದು ಕೆಳಗಿನದರ ನೇರಕ್ಕೆ ಬರುವಂತೆ ಇಡಬೇಕು. ಹಲಗೆಯ ತುದಿಗಳಿಗೆ ದಪ್ಪನಾಗಿ ಬಣ್ಣವನ್ನು ಬಳಿದರೆ ಅವು ಬೇಗನೆ ಒಣಗಿ ಸೀಳುವುದಿಲ್ಲ. ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಒಂದು ಹಲಗೆಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿರಿ. ಮೂರು ಸಲದ ತೂಕವೂ ಒಂದೇ ಆದಾಗ ಮರವು ಕೆಲಸಕ್ಕೆ ಬಂದಿತೆಂದು ತಿಳಿಯತಕ್ಕದ್ದು. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಪ್ರಯೋಜನವಿಲ್ಲ.

ಅಳತೆ ಮತ್ತು ಸಾಮಗ್ರಿ

ಸಾಧಾರಣ ಕುಟುಂಬಕ್ಕೆ ೧೨ ಅಡಿ ಉದ್ದ, ೯ ಅಡಿ ಅಗಲದ ಅಟ್ಟಣೆಯು ಸಾಕು. ಉದ್ದವು ಮನೆಯ ಗೋಡೆಗೆ ಸಮಾನಾಂತರವಾಗಿರಲಿ. ಈ ಅಳತೆಗೆ ಬೇಕಾಗುವ ಸಾಮಗ್ರಿಯು ಕೆಳಗೆ ಕಾಣಿಸಿದಂತಿದೆ:

(೧) ಕಲ್ಲುಕಂಬ: ೮ ಅಂಗುಲ ಚೌಕ, ಮೂರೂವರೆ ಅಡಿ ಉದ್ದ — ೧೨.
(೨) ತೊಲೆ: ೪ ಅಂಗುಲ ಅಗಲ, ೬ ಅಂಗುಲ ಎತ್ತರ, ೧೨ ಅಡಿ ಉದ್ದ — ೩. ಒಟ್ಟು ೬ ಘನ ಅಡಿ.
(೩) ಜಂತೆ: ೩ ಅಂಗುಲ ಅಗಲ, ೪ ಅಂಗುಲ ಎತ್ತರ, ೯ ಅಡಿ ಉದ್ದ — ೯. ಒಟ್ಟು ಆರೂಮುಕ್ಕಾಲು ಘನ ಅಡಿ.
(೪) ಹಲಗೆ: ನಾಲ್ಕೂವರೆ ಅಂಗುಲ ಅಗಲ, ಒಂದೂಕಾಲು ಅಂಗುಲ ದಪ್ಪ, ೧೨ ಅಡಿ ಉದ್ದ — ೨೩. ಒಟ್ಟು ಸುಮಾರು ಹತ್ತೂಮುಕ್ಕಾಲು ಘನ ಅಡಿ.
(೫) ಸತುವಿನ ಲೇಪವುಳ್ಳ ತಗಡು: ಒಂದಡಿ ಚೌಕದವು — ೧೨.
(೬) ಸತುವಿನ ಲೇಪವುಳ್ಳ ಮೊಳೆ ಅಥವಾ ತಿರುಪುಮೊಳೆ, ಮೂರೂವರೆ ಅಂಗುಲದವು — ಹಲಗೆಗಳಿಗೆ ೪೧೪. ಒಡೆದು ಹೋಗುವುದಕ್ಕೆಂದು ಕೆಲವು ಹೆಚ್ಚಾಗಿ.

ಮರವು ಒಟ್ಟಿನಲ್ಲಿ ಇಪ್ಪತ್ತಮೂರೂವರೆ ಘನ ಅಡಿಯಾಗುವುದು. ಕೊಯ್ಯುವಾಗ ಆಗುವ ನಷ್ಟವನ್ನು ಸೇರಿಸಿ ೨೬ ಘನ ಅಡಿಗೆ ಸಿದ್ಧಮಾಡಿಕೊಂಡಿದ್ದರೆ ನಡುವೆ ಕೆಲಸ ನಿಲ್ಲುವುದಿಲ್ಲ.

ಕಲ್ಲುಕಂಬಗಳನ್ನು ನಿಲ್ಲಿಸುವುದು

ಅಟ್ಟಣೆಯನ್ನು ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಕೂಡದು. ಅದು ತನ್ನ ಕಾಲಿನ ಮೇಲೆಯೇ ನಿಲ್ಲತಕ್ಕದ್ದು. ಗೋಡೆಗೂ ಹಲಗೆಗೂ ನಡುವೆ ಎರಡಂಗುಲ ಸಂದು ಬಿಟ್ಟರೆ ಗೋಡೆಗೆ ತೇವವೂ ತಗಲದು, ಗೋಡೆಯ ಮಣ್ಣಿನಿಂದ ಗೆದ್ದಲೂ ದಾಟದು.

ಮೊದಲು ಹುರಿ ಹಿಡಿದು ಜಾಗವನ್ನು ಗುರುತಿಸಿರಿ. ೯ ಮತ್ತು ೧೨ ಅಡಿಗಳ ಈ ಅಳತೆಯಲ್ಲಿ ಒಂದು ಸೌಕರ್ಯವುಂಟು: ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದಾಗ ಸರಿಯಾಗಿ ೧೫ ಅಡಿ ಬಂದರೆ ನಾಲ್ಕು ಮೂಲೆಗಳೂ ಮಟ್ಟವಾಗಿವೆ ಎಂದರ್ಥ. ಎರಡು ಓರೆಗಳನ್ನೂ ಅಳೆದು ನೋಡುವುದು ಅವಶ್ಯ.

ಉದ್ದಕ್ಕೆ ಮೂರು ಸಾಲುಗಳು; ಸಾಲಿಗೂ ಸಾಲಿಗೂ ನಾಲ್ಕೂವರೆ ಅಡಿ ಅಂತರ. ಒಂದೊಂದು ಸಾಲಿನಲ್ಲಿ ನಾಲ್ಕು ನಾಲ್ಕು ಅಡಿಗೆ ಒಂದರಂತೆ ನಾಲ್ಕು ಕಂಬಗಳು. ಒಂದೂವರೆ ಅಡಿ ಚೌಕದ, ಎರಡೂವರೆ ಅಡಿ ಆಳದ ಗುಂಡಿಯನ್ನು ತೋಡಿ, ತಳದಲ್ಲಿ ಆರಂಗುಲ ದಪ್ಪಕ್ಕೆ ಜಲ್ಲಿ ಗಾರೆಯನ್ನು ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ ಕಲ್ಲನ್ನು ನಿಲ್ಲಿಸಿ, ತೂಗುಗುಂಡಿನಿಂದ ನೆಟ್ಟಗೆ ಮಾಡಿ, ಸುತ್ತಲೂ ಜಲ್ಲಿ ಗಾರೆಯಿಂದ ಬಿಗಿಗೊಳಿಸಬೇಕು. ಎರೆಭೂಮಿಯಲ್ಲಿ ಮಾತ್ರ ಈ ಆಳ ಸಾಲದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ, ಬೇಸಗೆಯ ಬಿರುಕು ಇಳಿಯುವ ಆಳವನ್ನು ದಾಟಿ ಗುಂಡಿಯನ್ನು ತೋಡತಕ್ಕದ್ದು. ಕಲ್ಲಿನ ಉದ್ದವನ್ನೂ ಅಷ್ಟಕ್ಕೆ ಹೆಚ್ಚಿಸತಕ್ಕದ್ದು. ಕಣಶಿಲೆ ದೊರೆಯದ ಕರಾವಳಿ ಮತ್ತು ಮಲೆನಾಡಿನ ಭಾಗಗಳಲ್ಲಿ ಜಂಬಿಟ್ಟಿಗೆಯನ್ನು ಗಾರೆಯಲ್ಲಿ ಕಟ್ಟಿ ಒಂದೂಕಾಲು ಅಡಿ ಚೌಕದ ಕಂಬ ಮಾಡಿಕೊಳ್ಳಬಹುದು. ಆಗ ಬುಡದ ಗುಂಡಿಯನ್ನೂ ತಗಡನ್ನೂ ಆ ಅಳತೆಗೆ ತಕ್ಕಂತೆ ದೊಡ್ಡದು ಮಾಡಿರಿ.

ನೆಲದ ಮೇಲೆ ಕಲ್ಲು ಒಂದೂವರೆ ಅಡಿ ಕಾಣಬೇಕು. ಗೋಡೆಯ ಕಡೆಯ ಸಾಲಿಗಿಂತ ಹೊರಗಿನ ಸಾಲನ್ನು ಒಂದಂಗುಲ ತಗ್ಗಿಸಿ, ನಡುವಿನ ಸಾಲನ್ನು ಅರ್ಧ ಅಂಗುಲ ತಗ್ಗಿಸಿದರೆ ನೀರು ಮನೆಯ ಕಡೆಗೆ ಬಾರದೆ ಹೊರಕ್ಕೆ ಹರಿಯುವುದು. ಉದ್ದಕ್ಕೆ ಮಾತ್ರ ರಸಮಟ್ಟವನ್ನಿಟ್ಟು ಸಮ ಮಾಡಿರಿ. ಕೆಳಗಿನ ನೆಲಕ್ಕೂ ಇಳಿಜಾರು ಕೊಡುವುದನ್ನು ಮರೆಯಬಾರದು.

ಕಲ್ಲಿನ ನೆತ್ತಿಯಲ್ಲಿ ಕಲ್ಲುಕುಟಿಗನಿಂದ ಮೂರಂಗುಲ ಆಳದ ರಂಧ್ರವನ್ನು ಮಾಡಿಸಿ, ಮೂರು ಅಂಗುಲ ಮೇಲೆ ಕಾಣುವಂತೆ ಕಬ್ಬಿಣದ ಸಲಾಕೆಯನ್ನು ಸಿಮೆಂಟಿನಲ್ಲಿ ಕೂರಿಸಿರಿ. ಅದರ ಮೇಲೆ ತಗಡನ್ನು ತೂತು ಮಾಡಿ ಇಳಿಸಿ, ತೂತನ್ನು ಡಾಂಬರಿನಿಂದ ಮುಚ್ಚಿರಿ. ಕಲ್ಲಿನ ನಾಲ್ಕು ಕಡೆಯೂ ಎರಡೆರಡು ಅಂಗುಲ ಹೊರಚಾಚಿದ ತಗಡಿನ ಅಂಚನ್ನು ಛತ್ರಿಯಂತೆ ಕೆಳಕ್ಕೆ ಬಾಗಿಸಬೇಕು. ಗೆದ್ದಲು ಈ ಅಂಚನ್ನು ಸುಲಭವಾಗಿ ಸುತ್ತಿ ಬರಲಾರದು. ಬಂದರೂ ಅದರ ಸುರಂಗವು ಕಾಣದೆ ಹೋಗದು.

ತೊಲೆ, ಜಂತೆ, ಹಲಗೆ

ತೊಲೆಯ ಆರಂಗುಲದ ಬದಿಯು ನೆಟ್ಟಗೆ ನಿಲ್ಲುವಂತೆ ಸಲಾಕೆಗಳ ಮೇಲೆ ಕೂರಿಸಿರಿ. ಮಲಗಿಸಿ ಇಟ್ಟರೆ ಅದೇ ಮರದ ಬಲವು ಮೂರರಲ್ಲಿ ಎರಡು ಭಾಗಕ್ಕೆ ಇಳಿಯುವುದು. ೧೨ ಅಡಿಯ ಒಂದೇ ಮರ ಸಿಕ್ಕದೆ ಎರಡನ್ನು ಸೇರಿಸಬೇಕಾದರೆ ಸೇರಿಕೆಯು ಕಲ್ಲಿನ ನೆತ್ತಿಯ ಮೇಲೆಯೇ ಬರತಕ್ಕದ್ದು; ಎರಡು ಕಲ್ಲುಗಳ ನಡುವೆ ಬರಕೂಡದು.

ಜಂತೆಗಳನ್ನು ತೊಲೆಗಳಿಗೆ ಅಡ್ಡಲಾಗಿ ಒಂದೂವರೆ ಅಡಿಗೆ ಒಂದರಂತೆ ಇಟ್ಟು, ಎರಡು ಬದಿಯಿಂದಲೂ ಓರೆಯಾಗಿ ಮೊಳೆ ಹೊಡೆಯಿರಿ. ಜಂತೆಯನ್ನು ಕೂರಿಸುವುದಕ್ಕಾಗಿ ತೊಲೆಯಲ್ಲಿ ಆಳವಾದ ಕಚ್ಚು ಕೊರೆಯುವ ಅಭ್ಯಾಸವು ಒಳ್ಳೆಯದಲ್ಲ. ಕಚ್ಚಿನಲ್ಲಿ ನೀರು ನಿಲ್ಲುವುದಲ್ಲದೆ ತೊಲೆಯ ಬಲವೂ ತಗ್ಗುವುದು.

ಹಲಗೆಗಳನ್ನು ಉದ್ದಕ್ಕೆ ಹಾಸುವಾಗ ಒಂದಕ್ಕೂ ಇನ್ನೊಂದಕ್ಕೂ ಕಾಲು ಅಂಗುಲ ಸಂದು ಬಿಡಬೇಕು. ಸಂದಿಲ್ಲದೆ ಒತ್ತಾಗಿ ಜೋಡಿಸಿದ ಅಟ್ಟಣೆಯು ಮೊದಲ ದಿನ ನೋಡುವುದಕ್ಕೆ ಚೆನ್ನಾಗಿದ್ದರೂ ಮಳೆಗೆ ಉಬ್ಬಿ ಮೊಳೆಯನ್ನು ಕೀಳುವುದು. ಜೋಡಿಕೆಯಲ್ಲಿ ನಿಂತ ನೀರು ಕುಂಬಿಗೆ ದಾರಿಯಾಗುವುದು. ಐದು ಅಂಗುಲಕ್ಕಿಂತ ಅಗಲವಾದ ಹಲಗೆ ಬೇಡ. ಅಗಲ ಹೆಚ್ಚಿದಷ್ಟೂ ಬಾಗುವುದೂ ಹೆಚ್ಚು. ಒಂದೊಂದು ಜಂತೆಯ ಮೇಲೂ ಹಲಗೆಗೆ ಎರಡು ಮೊಳೆ, ಅಂಚಿನಿಂದ ಮುಕ್ಕಾಲು ಅಂಗುಲ ಒಳಗೆ. ಗಟ್ಟಿ ಮರವು ಸೀಳದಂತೆ ಮೊಳೆಗಿಂತ ಸಣ್ಣದಾದ ರಂಧ್ರವನ್ನು ಬೈರಿಗೆಯಿಂದ ಮೊದಲೇ ಕೊರೆದುಕೊಳ್ಳಬೇಕು. ತಿರುಪುಮೊಳೆಗೆ ಖರ್ಚು ಹೆಚ್ಚಾದರೂ, ಮುಂದೆ ಕೆಟ್ಟ ಹಲಗೆಯೊಂದನ್ನೇ ಬಿಚ್ಚಿ ಬದಲಾಯಿಸುವುದಕ್ಕೆ ಅದು ಅನುಕೂಲ.

ಹೀಗೆ ಕಟ್ಟಿದ ಅಟ್ಟಣೆಯು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರವಾಗುವುದು. ಹತ್ತುವುದಕ್ಕೆ ಕಲ್ಲಿನ ಮೂರು ಮೆಟ್ಟಿಲು ಸಾಕು. ಅವು ಮರಕ್ಕೆ ತಾಗದಿರಲಿ. ಮಕ್ಕಳೂ ವೃದ್ಧರೂ ಇರುವ ಮನೆಯಲ್ಲಿ ಕಟಕಟೆಯನ್ನು ಹಾಕಿಸಬೇಕು. ಅದರ ಕಂಬಗಳನ್ನು ಬರಿಯ ಮೊಳೆಯಿಂದಲ್ಲದೆ ಬೋಲ್ಟಿನಿಂದ ತೊಲೆಗೂ ಜಂತೆಗೂ ಬಿಗಿಯಬೇಕು.

ಭಾರದ ಮಿತಿ

ಮೇಲ್ಕಂಡ ಅಳತೆಗಳನ್ನು ಚದರ ಅಡಿಗೆ ೫೦ ಕಿಲೋಗ್ರಾಂ ಭಾರಕ್ಕೆಂದು ಲೆಕ್ಕ ಹಾಕಿದೆ. ೭೫ ಕಿಲೋಗ್ರಾಮಿನ ಮೂಟೆಯೊಂದು ಮೂರಡಿ ಉದ್ದ, ಎರಡಡಿ ಅಗಲದ ಜಾಗವನ್ನು ಹಿಡಿಯುವುದೆಂದರೆ, ಒಂದರ ಮೇಲೊಂದು ನಾಲ್ಕು ಮೂಟೆ ಇಟ್ಟಾಗ ಆರು ಚದರ ಅಡಿಗೆ ೩೦೦ ಕಿಲೋಗ್ರಾಂ ಬೀಳುವುದು. ಇದೇ ಆ ಮಿತಿ. ರೂಢಿಯಲ್ಲಿ ಮೂರು ಮೂಟೆಗಳಿಗೇ ನಿಲ್ಲಿಸುವುದು ಕ್ಷೇಮ. ಜಂತೆಗಳನ್ನು ಎರಡೆರಡು ಅಡಿಗೆ ಇಟ್ಟು ಮರ ಉಳಿಸಿದೆವೆಂದುಕೊಳ್ಳುವವರು ಈ ಲೆಕ್ಕವನ್ನು ಗಮನಿಸಬೇಕು.

ಲೇಪನದ ವಿಚಾರ

ಮರದ ತುದಿಯು ಬದಿಗಿಂತ ಬಹಳ ವೇಗವಾಗಿ ನೀರನ್ನು ಹೀರುವುದರಿಂದ, ಕೊಯ್ದ ತುದಿಗಳಿಗೆಲ್ಲ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಹೀರಿಸಬೇಕು. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರೆಣ್ಣೆಯು ತೊಲೆ ಜಂತೆಗಳಿಗೆ ಒಳ್ಳೆಯದು. ಆದರೆ ಅದು ಚರ್ಮವನ್ನು ಸುಡುವುದರಿಂದ ಕೈಚೀಲವಿಲ್ಲದೆ ಮುಟ್ಟಬಾರದು, ಧಾನ್ಯ ಹರವುವ ಹಲಗೆಯ ಮೇಲ್ಭಾಗಕ್ಕೆ ಬಳಿಯಲೂ ಬಾರದು. ಯಂತ್ರದಲ್ಲಿ ಬಳಸಿ ಬಿಸಾಡಿದ ಎಣ್ಣೆಯನ್ನು ಅಟ್ಟಣೆಗೆ ಹಚ್ಚುವ ಪದ್ಧತಿಯನ್ನು ಬಿಡತಕ್ಕದ್ದು.

ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳನ್ನು ಬೆರೆಸಿದ ದ್ರಾವಣವನ್ನು ಮರಕ್ಕೆ ಕುಡಿಸುವ ವಿಧಾನವನ್ನು ಸೋಂಟಿ ಕಾಮೇಶಂ ಎಂಬ ಭಾರತೀಯರು ೧೯೩೩ರಲ್ಲಿ ಡೆಹ್ರಾಡೂನಿನಲ್ಲಿ ಕಂಡುಹಿಡಿದರು. ಅದು ಲೋಕದಲ್ಲೆಲ್ಲ ಹಬ್ಬಿ, ಸಾಧಾರಣ ಮರಕ್ಕೂ ದೀರ್ಘಾಯುಷ್ಯವನ್ನು ಕೊಟ್ಟಿತು. ಆದರೆ ಆರ್ಸೆನಿಕ್ ವಿಷವಾದ್ದರಿಂದ ಅಮೆರಿಕದಲ್ಲಿ ೨೦೦೩ರ ಕೊನೆಯಿಂದ ಈಚೆಗೆ ಮನೆಗಳ ಅಟ್ಟಣೆಗೆ ಅಂಥ ಮರವನ್ನು ಸಿದ್ಧಪಡಿಸುವುದನ್ನು ನಿಲ್ಲಿಸಿದರು. ನಮ್ಮಲ್ಲಿಯೂ ಆಹಾರ ಪದಾರ್ಥ ಹರವುವ ಜಾಗಕ್ಕೆ ಅದು ಬೇಡ. ಅದರ ಚೂರುಗಳನ್ನು ಒಲೆಗೆ ಹಾಕುವುದಂತೂ ಕೂಡದು. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವು ಅಷ್ಟು ಅಪಾಯಕರವಲ್ಲ; ಆದರೆ ಮಳೆಗೆ ತೊಳೆದುಹೋಗುವುದರಿಂದ ಸೂರಿನ ಕೆಳಗಿನ ಮರಕ್ಕೆ ಮಾತ್ರ ಅದು ಪ್ರಯೋಜನಕಾರಿ. ಹೆಚ್ಚಿನ ವಿವರ ಬೇಕಾದವರು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು.

ವರ್ಷಕ್ಕೆ ಎರಡು ಸಲ ಪರೀಕ್ಷೆ

ಮುಂಗಾರಿಗೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಯಜಮಾನನು ತಾನೇ ಅಟ್ಟಣೆಯ ಕೆಳಗೆ ಬಗ್ಗಿ ನೋಡತಕ್ಕದ್ದು.

(ಅ) ಕಲ್ಲಿನ ಮೇಲೆ ಗೆದ್ದಲಿನ ಸುರಂಗವಿದೆಯೇ? ಇದ್ದರೆ ಕೆರೆದು ತೆಗೆದು, ವಾರ ಬಿಟ್ಟು ಪುನಃ ನೋಡಿರಿ. ಮತ್ತೆ ಕಟ್ಟಿದ್ದರೆ ಹುತ್ತವು ಹತ್ತಿರದಲ್ಲಿಯೇ ಇದೆಯೆಂದು ತಿಳಿದು ಅದನ್ನು ಅಗೆಸಿರಿ.
(ಆ) ತೊಲೆಯ ತುದಿಗಳನ್ನೂ ಜಂತೆಯು ಕೂತಿರುವ ಜಾಗಗಳನ್ನೂ ದಬ್ಬಳದಿಂದ ಚುಚ್ಚಿರಿ. ಗಟ್ಟಿ ಮರದಲ್ಲಿ ದಬ್ಬಳವು ಇಳಿಯದು. ಅರ್ಧ ಅಂಗುಲ ಸಲೀಸಾಗಿ ಇಳಿದರೆ ಕುಂಬು ಹಿಡಿದಿದೆ.
(ಇ) ಹಲಗೆಯ ಸಂದುಗಳಲ್ಲಿ ತರಗೆಲೆ, ಹೊಟ್ಟು ತುಂಬಿದ್ದರೆ ಕೆದಕಿ ತೆಗೆಯಿರಿ.
(ಈ) ಮೇಲೆದ್ದ ಮೊಳೆಗಳನ್ನು ಬಡಿದು ಕೂರಿಸಿರಿ.
(ಉ) ಅಟ್ಟಣೆಯ ಕೆಳಗೆ ಸೌದೆಯನ್ನು ಒಟ್ಟಬೇಡಿರಿ. ಸೌದೆಯು ಗೆದ್ದಲಿಗೆ ಏಣಿ, ಹಾವಿಗೆ ಮನೆ, ಗಾಳಿಯಾಡುವುದನ್ನೂ ತಡೆಯುವುದು.

ಈ ಪರೀಕ್ಷೆಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯದು. ಮೊದಲು ಹೇಳಿದ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಒಬ್ಬರು ಕಂಬದ ಬುಡವನ್ನು ಒಂದಷ್ಟು ಅಗೆದು ಚುಚ್ಚಿ ನೋಡಿದ್ದರೆ ಆ ಆಳಿನ ಕಾಲು ಉಳಿಯುತ್ತಿದ್ದಿತು.

ಮುಕ್ತಾಯ

ಅಟ್ಟಣೆಯನ್ನು ಕಟ್ಟಿಸುವವರು ಜಮೀನುದಾರರು. ಅದರ ಮೇಲೆ ಭಾರ ಹೊತ್ತು ಓಡಾಡುವವರು ಆಳುಗಳು, ಅದರ ಕೆಳಗೆ ಆಡುವವರು ಮಕ್ಕಳು. ಆದ್ದರಿಂದ ಕಣ್ಣಿಗೆ ಕಾಣದ ಬುಡದ ವಿಚಾರದಲ್ಲಿ ಉಳಿತಾಯ ಮಾಡುವುದು ಯಜಮಾನನಿಗೆ ಭೂಷಣವಲ್ಲ. ಈಗಾಗಲೇ ಮರದ ಕಂಬವನ್ನು ಮಣ್ಣಿನಲ್ಲಿ ಹೂತು ಕಟ್ಟಿರುವವರು ಎಲ್ಲವನ್ನೂ ಕೆಡವಬೇಕಾಗಿಲ್ಲ. ಮೇಲಿನ ಮೂಟೆಗಳನ್ನು ಇಳಿಸಿ, ತೊಲೆಗೆ ಗಟ್ಟಿಯಾದ ಆಸರೆಯನ್ನು ಕೊಟ್ಟು, ಒಂದೊಂದೇ ಕಂಬವನ್ನು ನೆಲದಿಂದ ಒಂದಡಿ ಮೇಲೆ ಕೊಯ್ದು ತೆಗೆದು, ಆ ಜಾಗದಲ್ಲಿ ಕಲ್ಲನ್ನು ನಿಲ್ಲಿಸಿ ತಗಡನ್ನಿಟ್ಟು ಮೇಲಿನ ತುಂಡನ್ನು ಅದರ ಮೇಲೆ ಕೂರಿಸಬಹುದು. ಉಳಿದ ತುಂಡು ಗಟ್ಟಿಯಾಗಿದೆಯೇ ಎಂಬುದನ್ನು ಚುಚ್ಚಿ ನೋಡಿದ ಮೇಲೆಯೇ ಈ ಕೆಲಸವನ್ನು ಮಾಡತಕ್ಕದ್ದು. ಗ್ರಾಮದ ಮುಖಂಡರು ಮುಂಬರುವ ಮಳೆಗಾಲಕ್ಕೆ ಮೊದಲು ತಮ್ಮ ಮನೆಯ ಅಟ್ಟಣೆಯನ್ನು ಹೀಗೆ ಪರೀಕ್ಷಿಸಿ, ನೆರೆಹೊರೆಯವರಿಗೂ ತೋರಿಸಿಕೊಟ್ಟರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.